ಗಾಡಿ ಸ್ನೋನಲ್ಲಿ ಹೆಂಗೆ ಅಂತ ಕೇಳಿದ್ರೆ

ಮೊನ್ನೆ ಬೆಳಿಗ್ಗೆ ಫ್ರೆಂಡ್ ಒಬ್ಬ ಮೆಸೇಜ್ ಹಾಕಿದ್ದ, "ನಿನ್ ಗಾಡಿ ಸ್ನೋನಲ್ಲಿ ಹೆಂಗೋ?" ಅಂತ. ಅಷ್ಟೇ, ಹಿಂದೆ ಮುಂದೆ ಏನಿಲ್ಲ. ಅವನೂ ಫ್ಯಾಮಿಲಿಗೆ ಅಂತ ಒಂದು ಕ್ರಾಸೋವರ್, ಅಂದ್ರೆ ಎಸ್‌ಯುವಿ ಥರ ಎತ್ತರ ಇರೋ ಕಾರು, ತಗೊಳ್ಳೋ ಹುಮ್ಮಸ್ಸಲ್ಲಿದ್ದಾನೆ, ನಮ್ಮನೇಲಿ ಅಂಥದ್ದೇ ಒಂದು ನಾಲ್ಕು ಚಳಿಗಾಲ ನೋಡಿದೆ, ಹಾಗಾಗಿ ನನ್ನನ್ನ ಕೇಳಿದ್ದು ನ್ಯಾಯವೇ. ಆದ್ರೆ ಮೆಸೇಜ್ ಬಂದಾಗ ನಾನು ಅದೇ ಗಾಡಿಯ ನೆತ್ತಿ ಮೇಲಿಂದ ಒಂದಡಿ ಸ್ನೋ ಎಳೀತಾ ಇದ್ದೆ, ಎಳೆದಿದ್ರಲ್ಲಿ ಅರ್ಧ ನನ್ನ ಜಾಕೆಟ್ ತೋಳೊಳಗೆ ಇಳಿದು ಮೊಣಕೈ ತನಕ ಹೋಗಿ ಅಲ್ಲಿ ನಿಧಾನಕ್ಕೆ ಕರಗ್ತಾ ಇತ್ತು. ಎಳೀದೇ ಹಾಗೇ ಬಿಡೋಣ ಅಂದ್ರೆ ಮೊದಲನೇ ಬ್ರೇಕಿಗೇ ಅಷ್ಟೂ ಜಾರಿ ಮುಂದಿನ ಗಾಜಿನ ಮೇಲೆ ಕಂಬಳಿ ಹೊದಿಸಿದ ಹಾಗೆ ಬೀಳತ್ತೆ, ಅದೂ ಒಂದ್ಸಲ ಆಗಿದೆ. ಗಾಡಿ ಎತ್ತರ ಇದ್ರೆ ಒಳಗೆ ಕೂತವರಿಗೆ ರಾಜಠೀವಿ, ಹೊರಗೆ ನಿಂತು ಗುಡಿಸೋನಿಗೆ ತುದಿಗಾಲು. ಅಂಥಾ ಹೊತ್ತಲ್ಲಿ ಬಾಯಿಗೆ ಬರೋ ಉತ್ತರ ಬರೆಯೋ ಹಾಗಿಲ್ಲ, ಅದಕ್ಕೆ "ಆಮೇಲೆ ಹೇಳ್ತೀನಿ" ಅಂತ ಹಾಕ್ದೆ. ಅದನ್ನೇ ಈಗ ಹೇಳೋಕೆ ಕೂತಿದೀನಿ.

ಮೊದಲನೇದಾಗಿ ಈ ಗಾಡಿಗೆ ನನ್ನ ಮೇಲೆ ನಂಬಿಕೆ ಇಲ್ಲ. ಹೊರಗೆ 4 ಡಿಗ್ರಿ ಇರೋ ತನಕ ಸುಮ್ನಿರತ್ತೆ, 3 ಆಯ್ತೋ "ಟಿಂಗ್", ಒಂದು ಪುಟಾಣಿ ಹಿಮದ ಹೂವಿನ ಚಿತ್ರ, ರೋಡ್ ಜಾರಬಹುದು ಹುಷಾರು ಅಂತ. ತಿರುವು ದಾಟಿದ್ರೆ ಮತ್ತೆ 4, ಮುಂದೆ ಹೋದ್ರೆ ಮತ್ತೆ 3, ಮತ್ತೆ ಟಿಂಗ್. ಕಣ್ಣು ಹಾಯಿಸಿದಷ್ಟೂ ದೂರ ಬೆಳ್ಳಗೆ ಕಾಣ್ತಾ ಇರೋವಾಗ ಇದನ್ನ ನಂಗೆ ಯಾರಾದ್ರೂ ಹೇಳ್ಬೇಕಾ? ಆಮೇಲೆ ಟಯರ್ ಪ್ರೆಶರ್ ದೀಪ. ಹೊರಗಿನ ಉಷ್ಣಾಂಶ ಐದಾರು ಡಿಗ್ರಿ ಇಳಿದ್ರೆ ಟಯರೊಳಗಿನ ಗಾಳಿಯ ಒತ್ತಡ ಸುಮಾರು 1 ಪಿಎಸ್ಐ ಕಮ್ಮಿ ಆಗತ್ತೆ, ಅದು ಗಾಳಿಯ ಸ್ವಭಾವ, ಪಂಕ್ಚರ್ ಅಲ್ಲ, ಆದ್ರೆ ದೀಪಕ್ಕೆ ಅದೆಲ್ಲ ಗೊತ್ತಿಲ್ಲ, ಬೆಳಿಗ್ಗೆ ಬೆಳಿಗ್ಗೆ ಹಳದಿ ಕಣ್ಣು ಬಿಟ್ಟು ನೋಡತ್ತೆ. ಹತ್ತು ಕಿಲೋಮೀಟರ್ ಓಡಿ ಟಯರ್ ಬಿಸಿಯಾದ್ಮೇಲೆ ತಾನಾಗೇ ಆರಿ ಹೋದ್ರೂ ಹೋಗತ್ತೆ, ಅಷ್ಟೊತ್ತಿಗೆ ನಾನು ಚಳೀಲಿ ಇಳಿದು ನಾಲ್ಕೂ ಟಯರ್ ಒದ್ದು ನೋಡಿ ಆಗಿರತ್ತೆ.

ಅದೂ ಹೋಗ್ಲಿ. ಮುಂದಿನ ಲೋಗೋ ಹಿಂದೆ ಒಂದು ರಾಡಾರ್ ಇಟ್ಟಿದಾರೆ, ಮುಂದೆ ಹೋಗೋ ಗಾಡಿ ಎಷ್ಟು ದೂರ ಇದೆ ಅಂತ ನೋಡೋಕೆ. ಸ್ನೋ ಬೀಳ್ತಾ ಇರೋವಾಗ ಹತ್ತು ನಿಮಿಷ ಓಡಿಸಿದ್ರೆ ಸಾಕು, ಅದರ ಮೇಲೆ ಕೆಸರು ಕೆಸರು ಐಸು ಮೆತ್ತಿಕೊಂಡು "ಸೆನ್ಸರ್ ಕೆಲಸ ಮಾಡ್ತಿಲ್ಲ, ಸ್ವಚ್ಛ ಮಾಡಿ" ಅಂತ ಮೆಸೇಜು. ಅಂದ್ರೆ ಬಿಸಿಲಿದ್ದು ರೋಡ್ ಒಣಗಿದ್ದಾಗೆಲ್ಲ ನಾನಿದೀನಿ ನಾನಿದೀನಿ ಅಂತ ಜೊತೇಲಿದ್ದ ಸಹಾಯಕ, ನಿಜವಾಗ್ಲೂ ಬೇಕಾದ ದಿನ ರಜೆ. ಹೆಡ್‌ಲೈಟಿಂದೂ ಅದೇ ಕತೆ, ಹಳೇ ಬಲ್ಬುಗಳು ಬಿಸಿ ಆಗಿ ಮೇಲೆ ಕೂತ ಸ್ನೋನ ತಾವೇ ಕರಗಿಸ್ತಿದ್ವು, ಈಗಿನ ಎಲ್‌ಇಡಿ ಗಾಜು ತಣ್ಣಗಿರತ್ತೆ, ಅಲ್ಲೂ ನಾನೇ ಇಳಿದು ಒರೆಸ್ಬೇಕು. ಮೇರಿ ಆಂಡರ್ಸನ್ ಅಂತ ಒಬ್ಬ ಹೆಂಗಸು ಚಳಿಗಾಲದಲ್ಲಿ ನ್ಯೂಯಾರ್ಕಿನ ಟ್ರಾಮಲ್ಲಿ ಹೋಗ್ತಾ, ಡ್ರೈವರು ಮುಂದೆ ಏನೂ ಕಾಣದೆ ಕಿಟಕಿ ತೆಗೆದುಕೊಂಡು ಚಳೀಲಿ ಸಾಯ್ತಾ ಓಡಿಸೋದನ್ನ ನೋಡಿ, ಒಳಗೆ ಕೂತೇ ಹಿಡಿ ತಿರುಗಿಸಿ ಗಾಜು ಒರೆಸೋ ವೈಪರ್ ಯೋಚಿಸಿ 1903ರಲ್ಲಿ ಪೇಟೆಂಟ್ ತಗೊಂಡ್ರು. ತಗೊಂಡು ಮಾರೋಕೆ ಹೋದ್ರೆ ಇದರಿಂದ ದುಡ್ಡು ಬರಲ್ಲ ಅಂತ ವಾಪಸ್ ಕಳಿಸಿದ್ರಂತೆ. ನೂರಿಪ್ಪತ್ತು ವರ್ಷ ಆಯ್ತು, ಈಗ ಗಾಡಿಗೆ ಹತ್ತು ಕಣ್ಣು ಬಂದಿದೆ, ಆದ್ರೆ ಒರೆಸೋ ವ್ಯವಸ್ಥೆ ಇನ್ನೂ ಆ ಗಾಜಿಗೆ ಮಾತ್ರ. ಉಳಿದಿದ್ದಕ್ಕೆಲ್ಲ ನನ್ನ ಜಾಕೆಟ್ ತೋಳು.

ಇರ್ಲಿ, ವಿಷಯಕ್ಕೆ ಬರ್ತೀನಿ, ಗಾಡಿ ಸ್ನೋನಲ್ಲಿ ಹೆಂಗೆ. ಹೋಗೋದರಲ್ಲಿ ಮಾತ್ರ ಒಂದು ಮಾತು ಅನ್ನೋ ಹಾಗಿಲ್ಲ. ನಮ್ಮದು ಆಲ್ ವೀಲ್ ಡ್ರೈವ್, ಮಾಮೂಲಿ ದಿನ ಮುಂದಿನ ಚಕ್ರಗಳೇ ಎಳೀತವೆ, ಜಾರಿತು ಅಂತ ಗೊತ್ತಾದ ತಕ್ಷಣ ನಡುವೆ ಇರೋ ಕ್ಲಚ್ ಬಿಗಿಯಾಗಿ ಹಿಂದಿನ ಚಕ್ರಕ್ಕೂ ಜೋರು ಕೊಡತ್ತೆ. ಸ್ನೋ ಮೋಡ್ ಅಂತ ಒಂದು ಗುಂಡಿ ಬೇರೆ ಇದೆ, ಒತ್ತಿದ್ರೆ ಆಕ್ಸಿಲರೇಟರ್ ಸೋಮಾರಿ ಆಗತ್ತೆ, ಎಷ್ಟು ಒತ್ತಿದ್ರೂ ಮೆಲ್ಲಗೆ ನೋಡೋಣ ಅನ್ನೋ ಥರ, ಅದು ಒಳ್ಳೇದೇ. ಪುಡಿಪುಡಿ ಹೊಸ ಸ್ನೋ ಆರಿಂಚು ಬಿದ್ದಿದ್ರೂ ಬೆಣ್ಣೇಲಿ ಚಾಕು ಹಾಕಿದ ಹಾಗೆ ಹೋಗತ್ತೆ. ಏರಲ್ಲಿ ಬೇರೆಯವರೆಲ್ಲ ಚಕ್ರ ತಿರುಗಿಸ್ತಾ ನಿಂತಿರೋವಾಗ ಪಕ್ಕದಲ್ಲಿ ಸುಮ್ನೆ ಹತ್ತಿಕೊಂಡು ಹೋಗೋ ಸುಖ ಇದೆಯಲ್ಲ, ಅದು ದೊಡ್ಡ ಪಾಪ, ಮಾಡಿದೀನಿ.

ತೊಂದರೆ ಇರೋದೇ ಅಲ್ಲಿ.

ಎರಡನೇ ಚಳಿಗಾಲ. ಯಾರದೋ ಮನೆಗೆ ಹೋಗಿದ್ವು, ವಾಪಸ್ ಬರ್ತಾ ರಾತ್ರಿ ಒಂಬತ್ತೂವರೆ. ಹಿಂದೆ ಎರಡು ಮಕ್ಕಳ ಸೀಟಿನ ನಡುವೆ ನಮ್ಮತ್ತೆ, ಪಕ್ಕದಲ್ಲಿ ಹೆಂಡ್ತಿ. ದಾರಿಯುದ್ದಕ್ಕೂ ಗಾಡಿ ಬಂಗಾರದ ಹಾಗೆ ಬಂದಿದೆ, ನಾನು ದಾರಿಯುದ್ದಕ್ಕೂ ಅದನ್ನೇ ಹೇಳ್ಕೊಂಡು ಬಂದಿದೀನಿ. ನಮ್ಮ ರೋಡ್ ಕೊನೇಲಿ ಸಣ್ಣ ಇಳಿಜಾರು, ಕೆಳಗೆ ಎಡಕ್ಕೆ ತಿರುಗ್ಬೇಕು, ಎದುರಿಗೆ ಸ್ನೋ ತಳ್ಳೋ ಗಾಡಿಯವರು ಗುಡ್ಡೆ ಹಾಕಿ ಹೋದ ದೊಡ್ಡ ರಾಶಿ. ಸ್ಪೀಡು 20 ಇತ್ತು, ಮೇಲಿರಲಿಲ್ಲ, ಇವತ್ತಿಗೂ ಹೆಂಡ್ತಿ 30 ಅಂತಾಳೆ. ಬ್ರೇಕ್ ಒತ್ತಿದೆ. ಕಾಲಡಿಗೆ ಗರಗರಗರ ಅಂತ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಶುರುವಾಯ್ತು, ಯಾರೋ ಕೆಳಗೆ ಕೂತು ಪೆಡಲ್ಲಿಗೆ ಸುತ್ತಿಗೇಲಿ ಕುಟ್ತಿರೋ ಹಾಗೆ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದೆ, ಚಕ್ರಗಳೂ ಎಡಕ್ಕೆ ತಿರುಗಿದ್ವು, ಗಾಡಿ ಮಾತ್ರ ನೇರ. ಯಾರೂ ಕಿರುಚಲಿಲ್ಲ, ಅದೇ ವಿಚಿತ್ರ, ಕಿರುಚೋಕೆ ಬೇಕಾದಷ್ಟು ಟೈಮಿತ್ತು. ಒಂದೂವರೆ ಟನ್ನಿನ ಗಾಡಿ, ಐದು ಜನ, ಎಮ್ಮೆ ಕೆರೆಗೆ ಇಳಿಯೋ ಹಾಗೆ ನಿಧಾನಕ್ಕೆ, ಯಾವ ಅವಸರಾನೂ ಇಲ್ದೆ, ಹೋಗಿ ಆ ರಾಶಿಯೊಳಗೆ ಮೂತಿ ಇಟ್ಟು ನಿಂತ್ಕೊಳ್ತು. ಆಮೇಲೆ "ಟಿಂಗ್" ಅಂತು.

ಹಿಂದಿನಿಂದ ಅತ್ತೆ, ನಿದ್ದೆಗಣ್ಣಲ್ಲಿ, "ಬಂತಾ ಮನೆ?"

ರಿವರ್ಸ್ ಹಾಕಿದೆ, ಏನೂ ಆಗ್ಲಿಲ್ಲ. ಚಕ್ರ ಸ್ವಲ್ಪ ತಿರುಗಿ ನಿಂತ್ಕೊಳ್ತಿತ್ತು. ಇಳಿದೆ. ಅಷ್ಟರಲ್ಲಿ ಒಬ್ಬರು ನಾಯಿ ಹಿಡ್ಕೊಂಡು ಬಂದ್ರು, ನೋಡಿದ ತಕ್ಷಣ ಟ್ರಾಕ್ಷನ್ ಕಂಟ್ರೋಲ್ ಆಫ್ ಮಾಡಿ ಅಂದ್ರು, ಅದು ಚಕ್ರ ಜಾರಿದ ಕೂಡ್ಲೇ ಇಂಜಿನ್ ಕತ್ತು ಹಿಸುಕತ್ತೆ, ಸಿಕ್ಕಿಕೊಂಡಾಗ ಸ್ವಲ್ಪ ಚಕ್ರ ತಿರುಗೋದು ಬೇಕು ಅಂತ. ಸರಿಯಾದ ಮಾತೇ. ಗಾಡಿ ಚಿತ್ರ, ಅದರ ಕೆಳಗೆ ಹಾವು ಹರಿದ ಹಾಗೆ ಎರಡು ಗೆರೆ ಇರೋ ಆ ಗುಂಡೀನ ಹುಡುಕೋಕೆ ಐದು ನಿಮಿಷ, ಅದನ್ನ ಒತ್ತಿ ಹಿಡೀಬೇಕು ಅಂತ ಗೊತ್ತಾಗೋಕೆ ಇನ್ನೈದು. ಈಗ ಚಕ್ರ ಚೆನ್ನಾಗಿ ತಿರುಗಿದ್ವು, ಗಾಡಿ ಅಲ್ಲಾಡಲಿಲ್ಲ, ನಾಯಿ ಮೇಲೆಲ್ಲ ಸ್ನೋ. ಆಮೇಲೆ ಇನ್ನೊಬ್ಬರು, ಕಾಲಡಿ ಹಾಸೋ ಮ್ಯಾಟ್ ತೆಗೆದು ಚಕ್ರದ ಕೆಳಗಿಡಿ ಅಂದ್ರು. ಇಟ್ಟೆ. ಮ್ಯಾಟು ಮಿಂಚಿನ ಹಾಗೆ ಹಾರಿ ಕತ್ತಲಲ್ಲಿ ಎಲ್ಲೋ ಹೋಯ್ತು, ಸಿಕ್ಕಿದ್ದು ಚಳಿಗಾಲ ಮುಗಿದ ಮೇಲೆ. ಮೂರನೆಯವರು ಡ್ರೈವ್ ಹಾಕಿ, ರಿವರ್ಸ್ ಹಾಕಿ, ತೊಟ್ಟಿಲು ತೂಗಿದ ಹಾಗೆ ತೂಗಿ ಅಂದ್ರು. ತೂಗಿದೆ. ಮಕ್ಕಳಿಗೆ ಬಹಳ ಖುಷಿ ಆಯ್ತು. ಅಷ್ಟೊತ್ತಿಗೆ ಅಲ್ಲಿ ಒಂದು ಸಣ್ಣ ಜಾತ್ರೆ, ಒಬ್ಬೊಬ್ಬರದ್ದು ಒಂದೊಂದು ಸಿದ್ಧಾಂತ, ಟಯರ್ ಗಾಳಿ ಬಿಡಿ ಅನ್ನೋರು, ಹಿಂದೆ ಭಾರ ಕೂರಿಸಿ ಅನ್ನೋರು (ಅತ್ತೆ ಕಡೆ ನೋಡಿದ್ರು, ನಾನು ಬೇಡ ಅಂದೆ), ಕೈಯಲ್ಲಿ ಸಲಿಕೆ ಮಾತ್ರ ಯಾರ ಹತ್ರಾನೂ ಇಲ್ಲ.

ಕೊನೆಗೆ ಒಬ್ಬ ಹುಡುಗ, ಹದಿನೈದು ಹದಿನಾರಿರಬಹುದು, ಮೊಬೈಲ್ ಟಾರ್ಚ್ ಹಾಕಿ ನೆಲದ ಮೇಲೇ ಮಲಗಿ ಗಾಡಿ ಕೆಳಗೆ ನೋಡ್ದ. ಗಾಡಿಯ ಹೊಟ್ಟೆ ಗಟ್ಟಿ ಸ್ನೋ ಮೇಲೆ ಕೂತಿದೆ, ಚಕ್ರದ ಮೇಲೆ ಭಾರವೇ ಇಲ್ಲ ಅಂದ. ನೆಲದಿಂದ 20 ಸೆಂಟಿಮೀಟರ್ ಎತ್ತರ ಇದೆ ಅಂತ ಬೀಗಿದ್ದೆನಲ್ಲ, ಆ 20 ಸೆಂಟಿಮೀಟರನ್ನ ರಾಶಿಯೊಳಗೆ ನಾನೇ ತುಂಬಿಸಿದ್ದೆ. ಚಕ್ರ ಗಾಳೀಲಿ ಈಜ್ತಾ ಇದ್ರೆ ಎರಡು ತಿರುಗಿದ್ರೇನು ನಾಲ್ಕು ತಿರುಗಿದ್ರೇನು. ಅದೇ ಹುಡುಗ ಹಿಂದಕ್ಕೆ ಹೋಗಿ ಇನ್ನೊಂದು ನೋಡ್ದ. ಇಷ್ಟೊತ್ತೂ ಹಿಂದೆ ಮುಂದೆ ತೂಗಿ ಸ್ನೋ ಎಲ್ಲ ಹಿಂದಕ್ಕೆ ಒತ್ತಿ ಸೈಲೆನ್ಸರ್ ಬಾಯಿ ಅರ್ಧ ಮುಚ್ಚಿತ್ತು, ಇಂಜಿನ್ ಆನ್, ಹೀಟರ್ ಆನ್, ಒಳಗೆ ಮಕ್ಕಳು. ಆ ಹೊಗೆ ಹೊರಗೆ ಹೋಗೋಕೆ ಜಾಗ ಇಲ್ದೆ ಒಳಗೆ ಬಂದ್ರೆ ಗೊತ್ತೇ ಆಗಲ್ಲ, ಅದರಲ್ಲಿರೋ ವಿಷ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅವನು ಸುಮ್ನೆ ಕೈಯಲ್ಲೇ ಬಾಚಿ ತೆಗೆದ, ಇಂಜಿನ್ ಆಫ್ ಮಾಡಿ ಅಂದ. ಜಾತ್ರೇಲಿದ್ದ ಅಷ್ಟು ಜನ ದೊಡ್ಡವರಿಗೆ, ನನ್ನನ್ನೂ ಸೇರಿಸಿ, ಅದು ಹೊಳೆದಿರಲಿಲ್ಲ.

ಸಲಿಕೆ ಅವನ ಮನೆಯಿಂದಲೇ ಬಂತು. ಮುಕ್ಕಾಲು ಗಂಟೆ ಹೊಟ್ಟೆ ಕೆಳಗೆ ತೋಡಿ ಆಚೆ ಬಂದ್ವು. ಹೋಗೋ ಮುಂಚೆ ಅವನು ಟಯರ್ ಪಕ್ಕಕ್ಕೆ ಟಾರ್ಚ್ ಬಿಟ್ಟು ನೋಡಿ, "ಇದು ವಿಂಟರ್ ಟಯರ್ ಅಲ್ಲ" ಅಂದ. ಅಷ್ಟೇ ಅಂದ. ಹೆಂಡ್ತಿ ನನ್ನ ಕಡೆ ನೋಡಿದ್ಲು.

ಈ ಟಯರ್ ವಿಚಾರ ಎತ್ತಿದ್ರೆ ನಂಗೆ ಇವತ್ತಿಗೂ ಉರಿಯತ್ತೆ. ನಮ್ಮ ಟಯರ್ ಮೇಲೆ ಎಂ ಪ್ಲಸ್ ಎಸ್ ಅಂತ ಬರೆದಿತ್ತು, ಮಡ್ ಮತ್ತು ಸ್ನೋ ಅಂತ. ನಾನು ಓದುಬರಹ ಬರೋ ಮನುಷ್ಯ, ಸ್ನೋ ಅಂತ ಬರೆದಿದ್ರೆ ಸ್ನೋ ಅಂತಲೇ ಓದ್ತೀನಿ. ಆಮೇಲೆ ಗೊತ್ತಾಯ್ತು, ಅದನ್ನ ಟಯರ್ ಮಾಡೋರು ತಾವೇ ಬರ್ಕೊಳ್ಳೋದಂತೆ, ಅದಕ್ಕೆ ಸ್ನೋನಲ್ಲಿ ಓಡಿಸಿ ಪರೀಕ್ಷೆ ಮಾಡ್ಲೇಬೇಕು ಅಂತಿಲ್ಲ. ಪರೀಕ್ಷೆ ಪಾಸಾಗಿದ್ರೆ ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹೂವು, ಆ ಚಿತ್ರ ಇರ್ಬೇಕು, ಉಗುರಿನಷ್ಟು ದೊಡ್ಡದು, ಕಪ್ಪು ರಬ್ಬರ್ ಮೇಲೆ ಕಪ್ಪು ಚಿತ್ರ, ಹುಡುಕ್ಕೊಂಡು ಸಾಯಿ. ನಮ್ಮಂಥಾ ಮಾಮೂಲಿ ಟಯರಿನ ರಬ್ಬರ್ 7 ಡಿಗ್ರಿಗಿಂತ ಕೆಳಗೆ ಹೋದ್ರೆ ಗಡಸಾಗ್ತಾ ಹೋಗತ್ತೆ, ಚಳಿಗಾಲದ್ದು ಮೆತ್ತಗೇ ಇದ್ದು ನೆಲ ಹಿಡೀತದೆ. ಮತ್ತೆ ಆಲ್ ವೀಲ್ ಡ್ರೈವ್? ಅದು ಇರೋದು ಹೋಗೋಕೆ. ನಿಲ್ಲಿಸೋದು ಬ್ರೇಕು, ನಾಲ್ಕು ಚಕ್ರಕ್ಕೂ ಬ್ರೇಕು ಹಳೇ ಡಬ್ಬಾ ಗಾಡೀಲೂ ಇರತ್ತೆ. ಒಣ ರೋಡಲ್ಲಿ 30ರಲ್ಲಿ ಹೋಗ್ತಾ ಬ್ರೇಕ್ ಹಾಕಿದ್ರೆ ಐದಾರು ಮೀಟರಿಗೆ ನಿಲ್ಲತ್ತೆ, ಐಸ್ ಮೇಲೆ ಮೂವತ್ತು ದಾಟಿದ್ರೂ ಆಶ್ಚರ್ಯ ಇಲ್ಲ. ಪುಡಿ ಸ್ನೋನಲ್ಲಿ ಎಬಿಎಸ್ ಇದ್ರೇ ಸ್ವಲ್ಪ ಉದ್ದ ಹೋಗೋದೂ ಉಂಟು, ಚಕ್ರ ಲಾಕ್ ಆಗಿದ್ರೆ ಮುಂದೆ ಸ್ನೋ ಗುಡ್ಡೆಯಾಗಿ ತಡೀತಿತ್ತು, ಎಬಿಎಸ್ ಲಾಕ್ ಆಗೋಕೆ ಬಿಡಲ್ಲ. ಇದನ್ನೆಲ್ಲ ಹಿಂದಿನ ಡಿಕ್ಕಿ ಮೇಲೆ ಹೊಳೆಯೋ ಅಕ್ಷರದಲ್ಲಿ ಅಂಟಿಸಿರಲ್ಲ ನೋಡಿ, ಅಲ್ಲಿ ಬರೆಯೋದು ಹೋಗೋ ವಿಚಾರ ಮಾತ್ರ.

ಇಷ್ಟೆಲ್ಲ ಆದ್ರೂ ಫ್ರೆಂಡಿಗೆ ಏನು ಹೇಳೋದು ಅಂತ ಹೊಳೀಲಿಲ್ಲ. ಸ್ನೋನಲ್ಲಿ ಅಂದ್ರೆ ಯಾವ ಸ್ನೋನಲ್ಲಿ? ನಮ್ಮ ಭಾಷೇಲಿ ಮಂಜು ಅಂದ್ರೆ ಕಣ್ಣಿಗೆ ಕವಿಯೋದೂ ಅದೇ, ನೆಲಕ್ಕೆ ಬೀಳೋದೂ ಅದೇ, ಇನ್ನು ಪುಡಿ ಯಾವುದು, ತುಳಿದು ಗಟ್ಟಿಯಾಗಿದ್ದು ಯಾವುದು, ಅರೆ ಕರಗಿ ರಾಡಿಯಾಗಿದ್ದು ಯಾವುದು, ಕಾಣದೇ ಇರೋ ಕರೀ ಐಸ್ ಯಾವುದು ಅಂತ ಒಂದೊಂದಕ್ಕೂ ಬೇರೆ ಬೇರೆ ಉತ್ತರ. ವಿಂಟರ್ ಟಯರ್ ಹಾಕಿಸಿದ ಮೇಲೆ ಗಾಡಿ ಬೇರೇನೇ ಆಗಿದೆ, ನಿಜ. ಆದ್ರೆ ಅದೇ ಇಳಿಜಾರಿಗೆ ಬಂದಾಗ ನನ್ನ ಕಾಲು ಈಗಲೂ ಅರ್ಧ ರೋಡಿಂದಲೇ ಬ್ರೇಕ್ ಹುಡುಕತ್ತೆ, ಹೆಂಡ್ತಿ ಕಾಲೂ ಅಷ್ಟೇ, ಅವಳ ಕಡೆ ಪೆಡಲ್ಲೇ ಇಲ್ಲ.

ನಿನ್ನೆ ರಾತ್ರಿ ಇದನ್ನೆಲ್ಲ ಉದ್ದಕ್ಕೆ ಟೈಪ್ ಮಾಡಿ, ಓದಿ, ಎಲ್ಲ ಅಳಿಸಿ, "ಹೋಗತ್ತೆ ಚೆನ್ನಾಗೇ" ಅಂತ ಕಳಿಸ್ದೆ. ತಕ್ಷಣ ಬಂತು, "ಸೂಪರ್, ಬುಕ್ ಮಾಡ್ತೀನಿ. ಯಾವ ಕಲರ್ ತಗೊಳ್ಲಿ?"

ನಮ್ಮದು ಬಿಳಿ. ಆ ರಾತ್ರಿ ಮ್ಯಾಟ್ ಹುಡುಕೋಕೆ ಅಂತ ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದ್ರೆ ರಾಶಿ ಯಾವುದು ಗಾಡಿ ಯಾವುದು ಗೊತ್ತಾಗಿರಲಿಲ್ಲ, ಒಳಗಿಂದ ಅತ್ತೆ "ಇಲ್ಲೇ ಇಳಿಯೋದಾ?" ಅಂತ ಕೇಳಿದ್ದು ಕೇಳಿಸಿ ಆ ಕಡೆ ನಡ್ಕೊಂಡು ಬಂದಿದ್ದೆ.

"ಬಿಳಿ ಒಂದು ಬೇಡ" ಅಂತ ಹಾಕ್ದೆ.