ಶೆರಿಫ್ ಬರೆದ ಪಟ್ಟಿ

ಬೆಳಿಗ್ಗೆಯಿಂದ ಒಂದು ಪೋಸ್ಟ್ ಓಡಾಡ್ತಿದೆ. 1215ರಲ್ಲಿ ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಎಂಬ ಸನದು ಬಂತು, ಹಿಂದೆಯೇ ಪಾರ್ಲಿಮೆಂಟ್ ಬಂತು, ಇಂಗ್ಲೆಂಡಿನ ಹಳ್ಳಿಯವನಿಗೂ ನ್ಯಾಯ ಸಿಕ್ಕಿತು ಅಂತ. ನನ್ನ ಸ್ನೇಹಿತರೇ ಹಂಚಿಕೊಂಡಿದ್ದಾರೆ. ಓದಿ ಮೈ ಉರೀತು. ರಾಜ, ಬ್ಯಾರನ್ ಎಂಬ ದೊಡ್ಡ ಪಾಳೆಯಗಾರರು, ಸನದು, ಮುಗೀತು ಕಥೆ. ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಕೂತು ದಿನನಿತ್ಯ ಆಡಳಿತ ನಡೆಸುತ್ತಿದ್ದ ಜಮೀನ್ದಾರ ಮನೆತನಗಳ ಸುದ್ದಿಯೇ ಇಲ್ಲ. ಕೌಂಟಿಯಲ್ಲಿ ರಾಜನ ಅಧಿಕಾರಿಯಾಗಿದ್ದ ಶೆರಿಫ್ ಅನ್ನುವವನ ಹೆಸರೇ ಇಲ್ಲ!

ರಾಜನ ರಿಟ್, ಅಂದರೆ ಲಿಖಿತ ಆಜ್ಞೆ, ಬಂದು ಬೀಳುತ್ತಿದ್ದದ್ದು ಶೆರಿಫ್ ಕೈಗೆ. ಅದನ್ನು ಜಾರಿ ಮಾಡಿ, ಏನಾಯಿತೆಂದು ಬರೆದು ವಾಪಸ್ ಕಳಿಸುವವನೂ ಅವನೇ. ಮೊಕದ್ದಮೆಗೆ ಜೂರಿ, ಅಂದರೆ ತೀರ್ಪು ಹೇಳುವ ಸ್ಥಳೀಯ ಜನ, ಬೇಕಾದರೆ 24 ಹೆಸರಿನ ಪಟ್ಟಿ ಅವನೇ ಬರೆಯಬೇಕು, ಅದರಲ್ಲಿ 12 ಜನ ಕೂರುತ್ತಾರೆ. ಪಾರ್ಲಿಮೆಂಟಿಗೆ ಕೌಂಟಿಯಿಂದ ಇಬ್ಬರನ್ನು ಆರಿಸುವುದು ಕೌಂಟಿ ಕೋರ್ಟಿನಲ್ಲಿ, ಅಲ್ಲೂ ಅಧ್ಯಕ್ಷ ಅವನೇ. ಗೆದ್ದವರು ಯಾರೆಂದು ರಾಜಧಾನಿಯ ವೆಸ್ಟ್‌ಮಿನ್‌ಸ್ಟರ್‌ಗೆ ತಿಳಿಸುವುದೂ ಅವನ ಕಾಗದವೇ. ಇಷ್ಟೆಲ್ಲ ಒಬ್ಬನ ಕೈಯಲ್ಲಿರುವಾಗ ಸನದಿನಲ್ಲಿ ಏನು ಬರೆದಿದ್ದರೇನು?

ಅವನು ಹೊರಗಿನಿಂದ ಬಂದ ಅಧಿಕಾರಿಯೂ ಅಲ್ಲ, ಅದೇ ಸೀಮೆಯ ಭೂಮಾಲೀಕ. ಒಬ್ಬನೇ ಬೇರು ಬಿಡಬಾರದೆಂದು 1340ರ ಕಾನೂನು ಅವಧಿಯನ್ನು ಒಂದು ವರ್ಷಕ್ಕಿಳಿಸಿತು. ಒಮ್ಮೆ ಆದವನು ಮೂರು ವರ್ಷ ಮತ್ತೆ ಆಗಕೂಡದೆಂದು 1377ರಲ್ಲಿ ಇನ್ನೊಂದು ಕಾನೂನು. ಪರಿಣಾಮ? ಹುದ್ದೆ ಅದೇ ಕೆಲವು ಮನೆತನಗಳ ನಡುವೆ ಸುತ್ತಿತು. ಈ ವರ್ಷ ಶೆರಿಫ್, ಮುಂದೆ ಜಸ್ಟಿಸ್ ಆಫ್ ದಿ ಪೀಸ್ ಎಂಬ ಸ್ಥಳೀಯ ನ್ಯಾಯಾಧಿಕಾರಿ, ಆಮೇಲೆ ಪಾರ್ಲಿಮೆಂಟ್ ಸದಸ್ಯ.

ವೋಟಿನ ವಿಷಯಕ್ಕೆ ಬನ್ನಿ. ವರ್ಷಕ್ಕೆ 40 ಶಿಲ್ಲಿಂಗ್ ಹುಟ್ಟುವ ಸ್ವಂತ ಜಮೀನಿದ್ದವನಿಗೆ ಮಾತ್ರ ಮತ ಎಂದು 1429ರಲ್ಲಿ ಗೆರೆ ಎಳೆದರು. ಬಡವರು ನೈಟ್ ಎಂಬ ಬಿರುದಿನ ಜಮೀನ್ದಾರರ ಸಮಕ್ಕೆ ದನಿಯೆತ್ತುತ್ತಿದ್ದಾರೆ, ಕೊಲೆ ದೊಂಬಿ ಆದೀತು ಅನ್ನುವುದು ಆ ಕಾನೂನೇ ಕೊಟ್ಟ ಕಾರಣ. ಯಾರಿಗೆ ಅಷ್ಟು ಹುಟ್ಟುವಳಿ ಇದೆ ಅಂತ ಪ್ರಮಾಣ ಮಾಡಿಸಿ ವಿಚಾರಿಸುವ ಅಧಿಕಾರ ಮತ್ತೆ ಶೆರಿಫ್‌ಗೇ. 1450ರಲ್ಲಿ ಹಂಟಿಂಗ್ಡನ್‌ಶೈರ್ ಕೌಂಟಿಯ ಚುನಾವಣೆಯಲ್ಲಿ 424 ಜನ ಒಂದು ಕಡೆ, 70 ಜನ ಇನ್ನೊಂದು ಕಡೆ. 70 ಜನರ ಅಭ್ಯರ್ಥಿ ಕುಲೀನನೇ ಅಲ್ಲ ಎಂಬುದು ದೊಡ್ಡ ಗುಂಪಿನ ತಕರಾರು. ಆ 70 ಜನರ ಜಮೀನಿನ ವಿಚಾರಣೆಗೆ ಹೊರಟಾಗ ಹೆಣ ಬೀಳುತ್ತದೆಂಬ ಭಯದಿಂದ ಅದನ್ನು ಅಲ್ಲಿಗೇ ಬಿಡಬೇಕಾಯಿತು.

ಇನ್ನು ನಾರ್ಫೋಕ್ ಕೌಂಟಿಯ ಪಾಸ್ಟನ್ ಎಂಬ ಜಮೀನ್ದಾರ ಮನೆತನ. ಇವರ ಪತ್ರಗಳು ಉಳಿದಿರುವುದು ನಮ್ಮ ಪುಣ್ಯ. 1448ರಲ್ಲಿ ಲಾರ್ಡ್ ಮೋಲಿನ್ಸ್ ಎಂಬುವನು ಗ್ರೆಶಮ್ ಎಂಬ ಇವರ ಜಹಗೀರನ್ನು ಕಿತ್ತುಕೊಂಡ. ಮಾರ್ಗರೆಟ್ ಪಾಸ್ಟನ್ ಗಂಡ ಜಾನ್‌ಗೆ ಬರೆದ ಪತ್ರ ನೋಡಬೇಕು. ಕ್ರಾಸ್‌ಬೋ ಕಳಿಸಿ, ಎಳೆದು ಬಿಗಿಯುವ ರಾಟೆ ಕಳಿಸಿ, ಬಾಣ ಕಳಿಸಿ, ಇಲ್ಲಿನ ಮನೆಗಳು ಎಷ್ಟು ತಗ್ಗೆಂದರೆ ಒಳಗಿನಿಂದ ಉದ್ದಬಿಲ್ಲು ಹೂಡಲಾಗದು ಅನ್ನುತ್ತಾಳೆ. ಅದೇ ಪತ್ರದಲ್ಲಿ ಒಂದು ಪೌಂಡ್ ಬಾದಾಮಿ, ಒಂದು ಪೌಂಡ್ ಸಕ್ಕರೆಯೂ ಬೇಕು! ಆ ಸಾಲಿಗೆ ಬಂದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಮುಂದೊಂದು ಜನವರಿಯಲ್ಲಿ ಮೋಲಿನ್ಸ್‌ನ ಜನ ಗುಂಪುಗಟ್ಟಿ ಬಂದರು. ಜಾನ್ ಕೊಟ್ಟ ದೂರಿನ ಪ್ರಕಾರ ಬಂದವರು ಸಾವಿರ ಜನ, ಒಳಗಿದ್ದವರು ಹನ್ನೆರಡು. ಅವಳಿದ್ದ ಕೋಣೆಯ ಗೋಡೆಯನ್ನು ಬುಡದಿಂದ ಕೊರೆದು ಅವಳನ್ನು ಹೊತ್ತು ಹೊರಗೆ ಹಾಕಿದರು. ಮನೆಯ ಕಂಬಗಳನ್ನೂ ಕಡಿದರು.

ಕಾನೂನು ಇತ್ತಲ್ಲ ಅಂತ ಯಾರೋ ಕಾಮೆಂಟಿನಲ್ಲಿ ಕೇಳುತ್ತೀರಿ, ಗೊತ್ತು. ಇತ್ತು, ಧಾರಾಳವಾಗಿ ಇತ್ತು. ಸುಳ್ಳು ಫಲಿತಾಂಶ ಬರೆದ ಶೆರಿಫ್‌ಗೆ 1410ರಿಂದಲೇ 100 ಪೌಂಡ್ ದಂಡ, 1429ರಿಂದ ಒಂದು ವರ್ಷ ಸೆರೆ. ಮತದಾನ ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೇ ನಡೆಯಬೇಕೆಂದು 1445ರಲ್ಲಿ ಸಮಯವನ್ನೂ ಗೊತ್ತುಮಾಡಿದರು. ಆದರೆ 1451ರಲ್ಲಿ ಮೋಲಿನ್ಸ್‌ನ ಜನರ ಮೇಲೆ ವಿಚಾರಣೆ ಬಂದಾಗ ನಾರ್ಫೋಕ್‌ನ ಶೆರಿಫ್ ಜಾನ್ ಜರ್ಮಿ ಏನಂದ ಗೊತ್ತೇ? ಮೋಲಿನ್ಸ್ ಬಿಡುಗಡೆಯಾಗುವಂಥ ಜೂರಿ ಪಟ್ಟಿ ಮಾಡಬೇಕೆಂದು ರಾಜನಿಂದಲೇ ಪತ್ರ ಬಂದಿದೆಯಂತೆ! ಅಂಥ ಪತ್ರ ಒಂದು ನೋಬಲ್ ನಾಣ್ಯಕ್ಕೆ, ಅಂದರೆ 6 ಶಿಲ್ಲಿಂಗ್ 8 ಪೆನ್ಸ್‌ಗೆ, ಸಿಗುತ್ತದೆ ಅನ್ನುವ ಮಾತೂ ಪಾಸ್ಟನ್ ಕಾಗದಗಳಲ್ಲಿದೆ. ಪಾರ್ಲಿಮೆಂಟಿನಲ್ಲಿ ಕೂತ ನೈಟ್‌ಗೆ ದಿನಭತ್ಯೆ 4 ಶಿಲ್ಲಿಂಗ್. ಅವನ ಎರಡು ದಿನದ ಭತ್ಯೆಗಿಂತ ಅಗ್ಗಕ್ಕೆ ಜೂರಿ!

ಪಾಸ್ಟನ್‌ರೂ ಸಾಧುಗಳಲ್ಲ. ಜಾನ್‌ನ ಅಪ್ಪ ವಿಲಿಯಂ ರಾಜನ ನ್ಯಾಯಾಧೀಶನಾಗಿದ್ದವನು. ಶೆರಿಫ್ ತಮ್ಮ ಕಡೆಯವನಾಗಲಿ ಅಂತ ಇವರೂ ಹಂಬಲಿಸಿದವರೇ. 1461ರಲ್ಲಿ ಜಾನ್ ತಾನೇ ನಾರ್ಫೋಕ್‌ನಿಂದ ಚುನಾವಣೆಗೆ ನಿಂತ. ಆಗಿನ ಶೆರಿಫ್ ಸರ್ ಜಾನ್ ಹಾವರ್ಡ್, ನಾರ್ಫೋಕ್ ಡ್ಯೂಕ್‌ನ ನಂಟ. ಜಗಳ ಹತ್ತಿ, ಹಾವರ್ಡ್‌ನ ಆಳೊಬ್ಬ ಜಾನ್‌ಗೆ ಚೂರಿಯಿಂದ ಇರಿದ.