ಸಿಮೇಕ್ ಕೈಪಿಡಿಯನ್ನು ವಿಷಯವಾರು ಮರುಜೋಡಿಸಬೇಕೇ?

ಪರ: ಹೆಸರೇ ಗೊತ್ತಿಲ್ಲದವರು ಎಲ್ಲಿ ಹುಡುಕಬೇಕು?

ಐಟಿಕೆ ಎಂಬ ವೈದ್ಯಕೀಯ ಚಿತ್ರ ಸಂಸ್ಕರಣೆಯ ತಂತ್ರಾಂಶವನ್ನು ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಕಟ್ಟುವ ಸಲುವಾಗಿ 2000ದ ಸುಮಾರಿಗೆ ಅಮೆರಿಕದ ಕಿಟ್‌ವೇರ್ ಸಂಸ್ಥೆ ಆರಂಭಿಸಿದ ಸಿಮೇಕ್, ಈಗ ಸಿ++ ಬರೆಯುವ ಬಹುತೇಕರು ಎಂದಾದರೂ ಎದುರಿಸಲೇಬೇಕಾದ ಬಿಲ್ಡ್ ಸಾಧನ, ಅಂದರೆ ಮೂಲ ಕಡತಗಳಿಂದ ಪ್ರೋಗ್ರಾಂ ಕಟ್ಟುವ ಕೆಲಸವನ್ನು ಅಣಿಗೊಳಿಸುವ ತಂತ್ರಾಂಶ. ಅದರ ಕೈಪಿಡಿಯಲ್ಲಿ ಮಾಹಿತಿಗೆ ಬರವಿಲ್ಲ, ಬರವಿರುವುದು ಜೋಡಣೆಗೆ. ಆಜ್ಞೆಗಳು, ವೇರಿಯಬಲ್‌ಗಳು, ಪ್ರಾಪರ್ಟಿಗಳು, ಪಾಲಿಸಿಗಳು (ಹಳೆಯ ವರ್ತನೆಯೋ ಹೊಸದೋ ಎಂದು ಆರಿಸುವ ನಿಯಮಗಳು) ಎಂದು ವಿಂಗಡಿಸಿ, ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ನಿಲ್ಲಿಸಲಾಗಿದೆ. ಹೆಸರು ಬಲ್ಲವರಿಗೆ ಇದು ಅನುಕೂಲವೇ. ಆದರೆ ಕೈಪಿಡಿಯನ್ನು ತೆರೆಯುವವರಲ್ಲಿ ಅರ್ಧ ಜನ ಆ ಹೆಸರು ತಿಳಿಯದೆಯೇ ತೆರೆದಿರುತ್ತಾರಲ್ಲ?

ಹೆಡರ್ ಕಡತಗಳನ್ನು ಎಲ್ಲಿ ಹುಡುಕಬೇಕೆಂದು ತಿಳಿಸುವ 'ಇನ್‌ಕ್ಲೂಡ್ ಡೈರೆಕ್ಟರೀಸ್' ಎಂಬ ಹಳೆಯ ಆಜ್ಞೆಯ ಪುಟದಲ್ಲಿಯೇ, ಅದರ ಬದಲು 'ಟಾರ್ಗೆಟ್ ಇನ್‌ಕ್ಲೂಡ್ ಡೈರೆಕ್ಟರೀಸ್' ಬಳಸುವುದು ಒಳಿತೆಂಬ ಟಿಪ್ಪಣಿ ಇದೆ. ಪಟ್ಟಿಯಲ್ಲಿ ಮಾತ್ರ ಎರಡಕ್ಕೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ್ದಾರೆ. ಒಂದು ಭಾಗಕ್ಕೆ ಕೊಟ್ಟ ಸೂಚನೆ ಅದಕ್ಕಷ್ಟೇ ಸಲ್ಲುತ್ತದೋ, ಅದನ್ನು ಬಳಸುವವರಿಗೋ, ಇಬ್ಬರಿಗೂ ಸಲ್ಲುತ್ತದೋ ಎಂದು ಹೇಳುವ ಪಬ್ಲಿಕ್, ಪ್ರೈವೇಟ್, ಇಂಟರ್‌ಫೇಸ್ ಎಂಬ ಮೂರು ಪದಗಳ ವ್ಯತ್ಯಾಸವೇ ಇಂದಿನ ಸಿಮೇಕ್‌ನ ತಿರುಳು. ಅದರ ನಿಜವಾದ ವಿವರಣೆ 'ಬಿಲ್ಡ್‌ಸಿಸ್ಟಮ್' ಎಂಬ ಬೇರೆಯೇ ಅಧ್ಯಾಯದಲ್ಲಿದೆ.

ಹಿಂದೆ ನಾನಿದ್ದ ಒಂದು ಸಂಸ್ಥೆಯಲ್ಲಿ ಹೊಸ ಸಿ++ ಕಡತ ಸೇರಿಸಿದಾಗಲೆಲ್ಲ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ ಮೊದಲಿನಿಂದ ಕಟ್ಟಬೇಕೆಂಬ ಕಟ್ಟಳೆ ಇತ್ತು. ಅಳಿಸದಿದ್ದರೆ, ಬರೆದ ಫಂಕ್ಷನ್ ಕಣ್ಣೆದುರಿಗೇ ಇದ್ದರೂ ಸಿಗುತ್ತಿಲ್ಲವೆಂದು, ಕೊನೆಯಲ್ಲಿ ತುಂಡುಗಳನ್ನೆಲ್ಲ ಬೆಸೆಯುವ ಲಿಂಕರ್ ಹಟ ಹಿಡಿಯುತ್ತಿತ್ತು. ಕಾರಣ ಕೇಳಿದರೆ ಹಿರಿಯರು 'ಅದು ಹಾಗೇನಪ್ಪ' ಎನ್ನುತ್ತಿದ್ದರು. ಮಡಿಯ ನಿಯಮದಂತೆ ಅದನ್ನು ಎರಡು ವರ್ಷ ಪಾಲಿಸಿದೆ. ಒಂದು ಸಂಜೆ ಬೇರೇನನ್ನೋ ಹುಡುಕುತ್ತ 'ಫೈಲ್' ಆಜ್ಞೆಯ ಪುಟಕ್ಕೆ ಬಂದೆ. ಕಡತ ಓದುವುದರಿಂದ ಹಿಡಿದು ಆರ್ಕೈವ್ ಕಟ್ಟುವವರೆಗೆ ಎಲ್ಲವನ್ನೂ ತುಂಬಿಕೊಂಡಿರುವ ಆ ಉದ್ದನೆಯ ಪುಟದ ಒಳಗೆ, ಮೂಲ ಕಡತಗಳ ಪಟ್ಟಿ ಮಾಡಲು 'ಗ್ಲಾಬ್' (ಹೆಸರಿನ ಮಾದರಿಗೆ ಹೊಂದುವ ಕಡತಗಳನ್ನು ತಾನೇ ಹೆಕ್ಕುವ ವಿಧಾನ) ಬಳಸುವುದನ್ನು ನಾವು ಶಿಫಾರಸು ಮಾಡುವುದಿಲ್ಲ, ಏಕೆಂದರೆ ಹೊಸ ಕಡತ ಬಂದದ್ದು ಬಿಲ್ಡ್ ವ್ಯವಸ್ಥೆಗೆ ತಿಳಿಯುವುದಿಲ್ಲ ಎಂಬರ್ಥದ ಮಾತಿತ್ತು. ನಮ್ಮ ಪ್ರಾಜೆಕ್ಟಿನಲ್ಲಿದ್ದದ್ದು ಅದೇ ಗ್ಲಾಬ್! ಸಿಮೇಕನ್ನು ಇನ್ನೊಮ್ಮೆ ಓಡಿಸಿದ್ದರೆ ಸಾಕಿತ್ತು. ಫೋಲ್ಡರ್ ಅಳಿಸುವ ಅಗತ್ಯವೇ ಇರಲಿಲ್ಲ. 'ಕಡತ ಸೇರಿಸಿದಾಗ ಏನಾಗುತ್ತದೆ' ಎಂಬ ಒಂದು ಅಧ್ಯಾಯವಿದ್ದಿದ್ದರೆ ಮೊದಲ ವಾರದಲ್ಲೇ ಅದನ್ನು ಓದಿರುತ್ತಿದ್ದೆ. ಲಿಂಕರ್ ದೋಷ ಕಂಡವರು 'ಫೈಲ್' ಎಂಬ ಹೆಸರಿನಡಿ ಉತ್ತರ ಅರಸಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ವಿರೋಧ: ನಿಘಂಟು ನಿಘಂಟಾಗಿಯೇ ಇರಲಿ

ಈ ಪಕ್ಷವನ್ನು ವಹಿಸಬೇಕೆಂದು ನನ್ನನ್ನು ಕೇಳಲಾಯಿತು. ಪೂರ್ಣ ಮನಸ್ಸಿನಿಂದ ಒಪ್ಪಿದೆನೆಂದು ಹೇಳಲಾರೆ. ಆದರೂ ಎದುರು ಪಕ್ಷದವರು ಬಯಸುವುದು ಕೈಪಿಡಿಯನ್ನಲ್ಲ, ಮಲಗುವ ಮುನ್ನ ಓದಲು ಅಧ್ಯಾಯ ಅಧ್ಯಾಯವಾಗಿ ಸಾಗುವ ಕಥೆಯನ್ನು ಎಂದು ತೋರುತ್ತದೆ. ಹಂತ ಹಂತವಾಗಿ ಕಲಿಸುವ ಟ್ಯುಟೋರಿಯಲ್ ಈಗಾಗಲೇ ಇದೆ. ಉಳಿದದ್ದು ನಿಘಂಟು.

ಸಿಮೇಕ್ ಸ್ವತಃ ಹೆಸರುಗಳ ಮೂಲಕವೇ ಮಾತನಾಡುತ್ತದೆ. ಪಾಲಿಸಿಯ ಎಚ್ಚರಿಕೆ ಬಂದಾಗ ಅದರಲ್ಲಿ ಪಾಲಿಸಿಯ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಿಡಿದು ನೇರವಾಗಿ ಪುಟಕ್ಕೆ ಹೋಗಬಹುದು. ಇಂಟರ್ನೆಟ್ ಇಲ್ಲದ ಯಂತ್ರದಲ್ಲಿಯೂ ಟರ್ಮಿನಲ್‌ನಲ್ಲಿ ಆಜ್ಞೆಯ ಹೆಸರು ಕೊಟ್ಟರೆ ಅದೇ ಪುಟ ತೆರೆಯುತ್ತದೆ. 2014ರಲ್ಲಿ 3.0 ಆವೃತ್ತಿಗೆ, ಅಲ್ಲಿಯವರೆಗೆ ಸಿ++ ಮೂಲದೊಳಗೆ ಹುದುಗಿದ್ದ ವಿವರಣೆಗಳನ್ನೆಲ್ಲ ಹೊರತೆಗೆದು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಸರಳ ಪಠ್ಯ ರೂಪಕ್ಕೆ ತಂದರು. ಅಷ್ಟು ದೊಡ್ಡ ಕೆಲಸವನ್ನು ಕೈಗೆತ್ತಿಕೊಂಡವರೂ ಹೆಸರಿನ ವಿಂಗಡಣೆಯನ್ನು ಉಳಿಸಿಕೊಂಡರು ಎಂಬುದನ್ನು ಗಮನಿಸಬೇಕು. ಒಂದೇ ಆಜ್ಞೆ ಐದು ವಿಷಯಗಳಿಗೆ ಸೇರಿದರೆ ಅದನ್ನು ಎಲ್ಲಿಡಬೇಕು? ಐದು ಕಡೆ ಬರೆದರೆ, ಮುಂದಿನ ಆವೃತ್ತಿಯಲ್ಲಿ ನಾಲ್ಕು ಕಡೆ ತಿದ್ದುವುದನ್ನು ಮರೆಯುತ್ತಾರೆ.

ಗ್ಲಾಬ್‌ನ ಪ್ರಸಂಗ ರಸವತ್ತಾಗಿದೆ. ಆದರೆ ಎರಡು ವರ್ಷ ಕೈಪಿಡಿಯ ಆ ಪುಟವನ್ನೇ ತೆರೆಯದವರಿಗೆ ಯಾವ ಮರುಜೋಡಣೆ ನೆರವಾದೀತು? ಆ ಟಿಪ್ಪಣಿಯನ್ನು 'ಫೈಲ್' ಪುಟದಲ್ಲಿ ಇನ್ನಷ್ಟು ಮೇಲಕ್ಕೆ ತರುವುದಾದರೆ ನನ್ನ ವಿರೋಧವಿಲ್ಲ.