ಒಂದೇ ಕಿಂಡಿಯ ಟ್ಯಾಬ್ಲೆಟ್ಟು

ಡಿಸ್ಕ್ ಕ್ಲೋನ್ ಮಾಡೋದು ಏನು ಮಹಾ ಕೆಲಸ ಅಂತ ಕೇಳುವವರೆಲ್ಲ ಲ್ಯಾಪ್‌ಟಾಪ್ ಇಟ್ಟುಕೊಂಡವರು. ಅವರಿಗೇನು, ಎರಡು ಮೂರು ಯುಎಸ್‌ಬಿ ಪೋರ್ಟು, ಜೊತೆಗೇ ಹುಟ್ಟಿದ ಕೀಬೋರ್ಡು, ಚಾರ್ಜರ್‌ಗೆ ಬೇರೆಯದೇ ಜಾಗ. ತೀರಾ ಹಟ ಮಾಡಿದರೆ ಸ್ಕ್ರೂ ಬಿಚ್ಚಿ ಡಿಸ್ಕನ್ನೇ ಕೈಗೆ ತೆಗೆದುಕೊಳ್ಳಬಹುದು. ನನ್ನ ಪಾಲಿಗೆ ಬಂದದ್ದು ಅಣ್ಣನ ವಿಂಡೋಸ್ ಟ್ಯಾಬ್ಲೆಟ್ಟು. ಅದಕ್ಕೆ ಇರೋದು ಒಂದೇ ಒಂದು ಮೈಕ್ರೋ ಯುಎಸ್‌ಬಿ ಕಿಂಡಿ. ಉಣ್ಣೋದೂ ಅದರಲ್ಲೇ, ಮಾತಾಡೋದೂ ಅದರಲ್ಲೇ. ಎರಡೂ ಒಟ್ಟಿಗೆ ಮಾತ್ರ ಆಗಲ್ಲ.

2014ರ ಸುಮಾರಿಗೆ ಇಂಥವು ತುಂಬಾ ಬಂದಿದ್ದವು. ಎಂಟು ಇಂಚಿನ ಪರದೆ, ಆಟಮ್ ಚಿಪ್ಪು, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜು, ಒಳಗೆ ಪೂರ್ತಿ ವಿಂಡೋಸ್. ಆ 32 ಕೂಡ ಹೆಸರಿಗಷ್ಟೇ. ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಹೀಗಾಗಿ ಕಣ್ಣಿಗೆ ಬೀಳೋದು 29 ಚಿಲ್ಲರೆ. ಅದರಲ್ಲಿ ವಿಂಡೋಸ್ ಕಾಲು ಚಾಚಿದ ಮೇಲೆ ಉಳಿಯೋದು ಎಷ್ಟು ಅಂತ ಕೇಳಬೇಡಿ. ಹೊಸ ಅಪ್‌ಡೇಟ್ ಬಂದಾಗಲೆಲ್ಲ ಜಾಗ ಇಲ್ಲ ಅಂತ ಅಳು. ಎಲ್ಲ ಅಳಿಸಿ ಹೊಸದಾಗಿ ಶುರು ಮಾಡೋಣ, ಅದಕ್ಕೂ ಮೊದಲು ಇರೋದನ್ನೆಲ್ಲ ಇದ್ದ ಹಾಗೇ ಒಂದು ನಕಲು ತೆಗೆದಿಡು ಅಂದ ಅಣ್ಣ. ಡಿಸ್ಕ್ ಬಿಚ್ಚೋಣ ಅಂದರೆ ಅದು ಇಎಂಎಂಸಿ ಚಿಪ್ಪು, ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದ್ದಾರೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನಕಲು ತೆಗೆಯೋದೊಂದೇ ದಾರಿ.

ಪೆನ್‌ಡ್ರೈವ್‌ಗೆ ಕ್ಲೋನ್‌ಜಿಲ್ಲಾ ಅನ್ನುವ, ಡಿಸ್ಕ್ ನಕಲು ತೆಗೆಯುವ ಸಾಫ್ಟ್‌ವೇರ್ ಹಾಕಿಕೊಂಡೆ. ತೈವಾನ್‌ನವರು ಮಾಡಿದ್ದು, ಪುಕ್ಕಟೆ, ಕೆಲಸದಲ್ಲಿ ಗಟ್ಟಿ. ಇನ್ನು ಕೀಬೋರ್ಡು. ಮನೆಯಲ್ಲಿ ಚೆಂದದ ಬ್ಲೂಟೂತ್ ಕೀಬೋರ್ಡ್ ಇತ್ತು. ಆದರೆ ಬೂಟ್ ಆಗುವ ಹೊತ್ತಿಗೆ ಟ್ಯಾಬ್ಲೆಟ್‌ಗೆ ಬ್ಲೂಟೂತ್ ಅಂದರೆ ಏನು ಅಂತಲೇ ಗೊತ್ತಿರಲ್ಲ. ತಂತಿ ಇರುವ ಕೀಬೋರ್ಡೇ ಬೇಕು. ಪೆನ್‌ಡ್ರೈವ್ ಒಂದು, ಕೀಬೋರ್ಡ್ ಒಂದು, ಕಿಂಡಿಯೂ ಒಂದು. ಹಾಗಾಗಿ ಆ ಪುಟ್ಟ ಕಿಂಡಿಗೆ ಯುಎಸ್‌ಬಿ ಸಾಮಾನು ಜೋಡಿಸುವ ಒಟಿಜಿ ಕೇಬಲ್ಲು, ಒಂದು ಪೋರ್ಟನ್ನು ಹಲವು ಮಾಡುವ ಒಂದು ಹಬ್ಬು. ಒಟಿಜಿ ಕೇಬಲ್ ಸಿಕ್ಕಿಸಿದ ಕೂಡಲೇ ಟ್ಯಾಬ್ಲೆಟ್ಟು ಕರೆಂಟು ತೆಗೆದುಕೊಳ್ಳೋದು ಬಿಟ್ಟು ಕೊಡೋಕೆ ಶುರು ಮಾಡುತ್ತದೆ. ಹಬ್ಬಿಗೆ, ಕೀಬೋರ್ಡಿಗೆ, ಪೆನ್‌ಡ್ರೈವಿಗೆ ಎಲ್ಲಕ್ಕೂ ಅದೇ ಅನ್ನದಾತ. ಬ್ಯಾಟರಿ ಮಾತ್ರ ಕಣ್ಣೆದುರೇ ಇಳಿಯುತ್ತಿತ್ತು.

ಪವರ್ ಬಟನ್ ಜೊತೆ ವಾಲ್ಯೂಮ್ ಬಟನ್ ಒತ್ತಿ ಹಿಡಿದರೆ ಸೆಟಪ್ ಬರುತ್ತದೆ. ಮೇಲಿನ ವಾಲ್ಯೂಮೋ ಕೆಳಗಿನದೋ ಅನ್ನೋದು ಮಾಡಿದವರ ಮರ್ಜಿ. ಎಷ್ಟು ಹೊತ್ತು ಹಿಡಿಯಬೇಕು ಅನ್ನೋದಂತೂ ದೇವರಿಗೇ ಗೊತ್ತು. ಸ್ವಲ್ಪ ಜಾಸ್ತಿ ಹಿಡಿದರೆ ಆಫ್, ಬೇಗ ಬಿಟ್ಟರೆ ನೇರ ವಿಂಡೋಸ್. ಅಂತೂ ಒಳಗೆ ಹೋಗಿ, ಗುರುತಿಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿ, ಪೆನ್‌ಡ್ರೈವ್ ಹುಡುಕಿದರೆ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ಇದರ ಕತೆ ಸ್ವಲ್ಪ ಮಜಾ ಇದೆ. ಈ ಟ್ಯಾಬ್ಲೆಟ್‌ನ ಪ್ರೊಸೆಸರ್ 64 ಬಿಟ್. ಅದನ್ನು ಎಬ್ಬಿಸುವ ಫರ್ಮ್‌ವೇರ್ ಮಾತ್ರ 32 ಬಿಟ್. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಆ ಕಾಲದ ಇಂಥ ಎಷ್ಟೋ ಟ್ಯಾಬ್ಲೆಟ್‌ಗಳದ್ದು ಇದೇ ಹಣೆಬರಹ. ಎಲ್ಲ ಕಡೆ ನಡೆಯುವ ಪೆನ್‌ಡ್ರೈವ್‌ನಲ್ಲಿ ಸಾಮಾನ್ಯವಾಗಿ ಇರೋದು ಬೂಟ್‌ಎಕ್ಸ್64 ಅನ್ನುವ ಫೈಲು. ನಮ್ಮ ಪೂಜಾರಿ ಕೇಳೋದು ಬೂಟ್‌ಐಎ32. ಅದು ಇಲ್ಲವಾದರೆ ಪೆನ್‌ಡ್ರೈವ್ ಸಿಕ್ಕಿಸಿದ್ದೀವಿ ಅಂತಲೂ ಒಪ್ಪಲ್ಲ. ಫೈಲ್ ಕಾಣಲಿಲ್ಲ ಅಂತ ಒಂದು ಮಾತು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಸುಮ್ನೆ ಇರುತ್ತದೆ. ಕ್ಲೋನ್‌ಜಿಲ್ಲಾ ಓಡೋದು ಲಿನಕ್ಸ್ ಮೇಲೆ. ಆ ಲಿನಕ್ಸ್‌ನವರು 2014ರಲ್ಲೇ, 3.15ನೇ ಆವೃತ್ತಿಯಲ್ಲಿ, 32 ಬಿಟ್ ಫರ್ಮ್‌ವೇರ್ ಮೇಲೆ 64 ಬಿಟ್ ಕರ್ನೆಲ್ ಓಡಿಸುವ ವ್ಯವಸ್ಥೆ ಮಾಡಿಟ್ಟಿದ್ದಾರೆ. ಆ ಪುಣ್ಯಾತ್ಮರಿಗೂ ಮನೆಯಲ್ಲಿ ಇಂಥದ್ದೇ ಒಬ್ಬ ಅಣ್ಣ ಇದ್ದಿರಬೇಕು.

ಸರಿ, ಆ ಫೈಲ್ ತಂದು ಹಾಕೋಣ, ಅಷ್ಟರಲ್ಲಿ ವಿಂಡೋಸ್ ಸರಿಯಾಗಿದೆಯಾ ನೋಡೋಣ ಅಂತ ಆನ್ ಮಾಡಿದೆ. ನೀಲಿ ಪರದೆ. ರಿಕವರಿ ಕೀ ಕೊಡು, 48 ಅಂಕಿ.

ಆಗಿದ್ದಿಷ್ಟು. ಇಂಥ ಟ್ಯಾಬ್ಲೆಟ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಳ್ಳುವುದುಂಟು. ಬೀಗದ ಕೈ ಒಳಗಿನ ಟಿಪಿಎಂ ಅನ್ನುವ ಕಾವಲುಗಾರನ ಹತ್ತಿರ ಇರುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಟಿಪಿಎಂಗೆ ಅನುಮಾನ ಬರುತ್ತದೆ, ಯಾರೋ ಕಳ್ಳ ಕೈ ಹಾಕಿದ್ದಾನೆ ಅಂತ. ತಪ್ಪೇನಿಲ್ಲ, ಕಳ್ಳನೂ ನಾನು ಮಾಡಿದ್ದನ್ನೇ ಮಾಡುತ್ತಾನೆ.

"ಅಣ್ಣಾ, ರಿಕವರಿ ಕೀ ಎಲ್ಲಿಟ್ಟಿದ್ದೀಯ?"

"ಯಾವ ಕೀನೋ? ನಾನು ಯಾವ ಬೀಗಾನೂ ಹಾಕಿಲ್ಲ."

ಅವನು ಹೇಳಿದ್ದು ನಿಜವೇ. ಹಾಕಿದ್ದು ಅವನಲ್ಲ. ಕೀ ಅವನ ಖಾತೆಯಲ್ಲಿ ಇರುತ್ತದೆ, ಆದರೆ ಖಾತೆಯ ಪಾಸ್‌ವರ್ಡ್ ಅವನಿಗೆ ನೆನಪಿಲ್ಲ. ಪಾಸ್‌ವರ್ಡ್ ಬದಲಿಸುವ ಕೋಡ್ ಹೋಗೋದು ಹಳೇ ಇಮೇಲಿಗೆ. ಆ ಇಮೇಲಿನ ಪಾಸ್‌ವರ್ಡ್ ಅತ್ತಿಗೆಗೆ ಗೊತ್ತಿತ್ತು. ಅವರಿಗೆ ಹೇಗೆ ಗೊತ್ತು ಅಂತ ಅಣ್ಣ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅತ್ತಿಗೆ ಆರಾರು ಅಂಕಿಯ ಎಂಟು ಗುಂಪು ಓದಿದರು, ನಾನು ಒತ್ತಿದೆ. ಅಂದ ಹಾಗೆ, ಆ ಒಂದೊಂದು ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಒಂದು ಅಂಕಿ ತಪ್ಪಿದರೂ ಯಾವ ಗುಂಪಿನಲ್ಲಿ ತಪ್ಪಿತು ಅಂತ ಹೇಳೋಕೆ ಈ ಉಪಾಯ. ಇಡೀ ಪ್ರಕರಣದಲ್ಲಿ ನನಗೆ ಇಷ್ಟವಾದ ಸಂಗತಿ ಇದೊಂದೇ.

ಬೀಗ ಹಾಕಿದ ಡಿಸ್ಕಿನಲ್ಲಿ ಯಾವುದು ತುಂಬಿದೆ, ಯಾವುದು ಖಾಲಿ ಅಂತ ಕ್ಲೋನ್‌ಜಿಲ್ಲಾಗೆ ಗೊತ್ತಾಗಲ್ಲ. ಖಾಲಿ ಜಾಗವನ್ನೂ ಸೇರಿಸಿ ಎಲ್ಲ ಹೊತ್ತುಕೊಂಡು ಹೋಗುತ್ತದೆ. ಅದಕ್ಕೇ ಮೊದಲು ಬೀಗ ತೆಗೆಸಿದೆ. ಅದು ಗಂಟೆಗಟ್ಟಲೆ ಹಿಡಿಯಿತು. ನಡುನಡುವೆ ಅಣ್ಣ ಬಂದು "ಆಯ್ತೇನೋ?" ಅನ್ನೋದು, ನಾನು "ಇಲ್ಲಣ್ಣ" ಅನ್ನೋದು. ಕೊನೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿದೆ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಸಾಯಲ್ಲ, ಅರೆನಿದ್ದೆಯಲ್ಲಿ ಇರುತ್ತದೆ. ಅರೆನಿದ್ದೆಯಲ್ಲಿ ಇರೋರ ಡಿಸ್ಕ್ ಮುಟ್ಟಬಾರದು.

ಬೂಟ್‌ಐಎ32 ಸೇರಿಸಿದ ಪೆನ್‌ಡ್ರೈವ್ ಸಿಕ್ಕಿಸಿ ಹೊರಟೆ. ಈ ಸಲ ಬೂಟ್ ಆಯಿತು! ಆದರೆ ಅಡ್ಡಡ್ಡ. ಅಕ್ಷರಗಳೆಲ್ಲ ಗೋಡೆ ಹತ್ತುತ್ತಿವೆ. ಈ ಟ್ಯಾಬ್ಲೆಟ್‌ನ ಪರದೆ ಹುಟ್ಟಾ ಉದ್ದುದ್ದದ್ದು, ವಿಂಡೋಸ್ ಅದನ್ನು ತಿರುಗಿಸಿ ತೋರಿಸುತ್ತಿರುತ್ತದೆ, ಅಷ್ಟೇ. ಟ್ಯಾಬ್ಲೆಟ್ಟನ್ನೇ ತಿರುಗಿಸಿ ಇಟ್ಟರಾಯ್ತಲ್ವಾ ಅಂತೀರಿ. ಸ್ಟ್ಯಾಂಡ್ ಕವರ್ ಅಡ್ಡಕ್ಕೆ ಮಾತ್ರ ನಿಲ್ಲುತ್ತದೆ. ಉದ್ದಕ್ಕೆ ನಿಲ್ಲಿಸಿದರೆ ಆ ಒಂದೇ ಕಿಂಡಿ ಅಡಿಗೆ ಹೋಗುತ್ತದೆ, ಕೇಬಲ್ಲಿನ ಕತ್ತು ಮುರಿಯುತ್ತದೆ. ಕೇಬಲ್ಲಿನ ಬದಲು ನನ್ನ ಕತ್ತು ಮುರಿಯಲಿ ಅಂತ ತಲೆ ವಾಲಿಸಿಕೊಂಡು ಓದಿದೆ. ಟಚ್ ಕೆಲಸ ಮಾಡಲ್ಲ, ಎಲ್ಲಾ ಬಾಣದ ಕೀಗಳಲ್ಲೇ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ, ನೋವಿನ ಮುಲಾಮು ತಂದು ಮೇಜಿನ ಮೇಲಿಟ್ಟು ಹೋದರು.

ಬ್ಯಾಟರಿ ಅಷ್ಟರಲ್ಲಿ ಅರ್ಧಕ್ಕಿಂತ ಕೆಳಗಿತ್ತು. ಹಬ್ಬಿಗೆ ಪೋರ್ಟಬಲ್ ಹಾರ್ಡ್ ಡಿಸ್ಕನ್ನೂ ಸಿಕ್ಕಿಸಿದರೆ ಟಕ್ ಟಕ್ ಅಂತ ಸದ್ದು ಮಾಡಿ ಸುಮ್ಮನಾಯಿತು, ಸಾಕಷ್ಟು ಕರೆಂಟ್ ಸಿಗುತ್ತಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಕ್ಲೋನ್‌ಜಿಲ್ಲಾ ಮೆನುವಿನ ಒಳಗೆ ಅಡಗಿದ್ದ 'ಟು ರ‍್ಯಾಮ್' ಅನ್ನುವ ಸಾಲು. ಅದನ್ನು ಆರಿಸಿದರೆ ಇಡೀ ಕ್ಲೋನ್‌ಜಿಲ್ಲಾ ರ‍್ಯಾಮ್ ಒಳಗೆ ಹೋಗಿ ಕೂರುತ್ತದೆ, ಪೆನ್‌ಡ್ರೈವ್ ಕಿತ್ತರೂ ನಡೆಯುತ್ತದೆ. ಟ್ಯಾಬ್ಲೆಟ್‌ನ ಪಕ್ಕದಲ್ಲಿ ಮೈಕ್ರೋ ಎಸ್‌ಡಿ ಕಾರ್ಡ್ ಹಾಕುವ ಜಾಗ ಇತ್ತು. ನಕಲನ್ನು ಅಲ್ಲಿಗೇ ಕಳಿಸಿದರಾಯಿತು. ಮೂಲ ಡಿಸ್ಕ್ ಯಾವುದು ಅಂತ ಕೇಳಿದಾಗ ಎಂಎಂಸಿಬಿಎಲ್‌ಕೆ ಅಂತ ಶುರುವಾಗುವ ಎರಡು ಹೆಸರು ಕಂಡವು. ಇಎಂಎಂಸಿಯೂ ಎಸ್‌ಡಿ ಕಾರ್ಡೂ ಒಂದೇ ಮನೆತನ, ಗಾತ್ರ ನೋಡಿಯೇ ಗುರುತು ಹಿಡಿಯಬೇಕು. 32ರ ಹತ್ತಿರದ್ದು ನಮ್ಮದು.

ಮುಂದುವರಿಸಲಾ ಅಂತ ಕೇಳಿತು. ವೈ ಒತ್ತಿದೆ. ನಕಲು ಹೊರಟಿತು. ಆಮೇಲೆ ಹಬ್ಬು, ಕೀಬೋರ್ಡು, ಪೆನ್‌ಡ್ರೈವು ಎಲ್ಲ ಒಟ್ಟಿಗೆ ಕಿತ್ತು ಆ ಕಿಂಡಿಗೆ ಚಾರ್ಜರ್ ಸಿಕ್ಕಿಸಿದೆ. ಚಾರ್ಜಿಂಗ್ ದೀಪ ಹತ್ತಿತು. ಅಡ್ಡಡ್ಡವಾಗಿ ಶೇಕಡಾವಾರು ಏರುತ್ತಿತ್ತು.

ನಕಲು ತೆಗೆದದ್ದು ಟೀ ಕುಡಿದು ಬರುವಷ್ಟು ಹೊತ್ತಿನ ಕೆಲಸ. ಮುಗಿದ ಮೇಲೆ ಅದನ್ನು ಮತ್ತೆ ಬಳಸಬಹುದಾ ಅಂತ ಕ್ಲೋನ್‌ಜಿಲ್ಲಾ ತಾನೇ ಪರೀಕ್ಷೆ ಮಾಡಿ ಎಲ್ಲಾ ಸರಿ ಅಂದಿತು. ಅದನ್ನು ವಾಪಸ್ ಹಾಕಬೇಕಾದರೆ ಇದೇ ಮೆರವಣಿಗೆ ಇನ್ನೊಮ್ಮೆ ಹೊರಡಬೇಕು. ಅದಕ್ಕೇ ಪೆನ್‌ಡ್ರೈವ್, ಹಬ್ಬು, ಒಟಿಜಿ ಕೇಬಲ್ಲು, 48 ಅಂಕಿಯ ಚೀಟಿ ಎಲ್ಲ ಒಂದು ಡಬ್ಬಿಗೆ ಹಾಕಿ, ಮುಟ್ಟಬೇಡಿ ಅಂತ ಬರೆದು ಅಣ್ಣನ ಕಪಾಟಿನಲ್ಲಿಟ್ಟೆ.

ಮೊನ್ನೆ ಅಣ್ಣ ಫೋನ್ ಮಾಡಿದ್ದ. "ಆ ಡಬ್ಬೀಲಿದ್ದ ಕೇಬಲ್ ಕೆಟ್ಟಿದೆ ಕಣೋ, ಮೊಬೈಲ್ ಚಾರ್ಜೇ ಆಗಲ್ಲ. ಬಿಸಾಕಿದೆ."